ಕುಂಬಳಕಾಯಿ ಒಡೆದ ಮೇಲೆ ಯಾರಿಗೆ ಫೋನ್ ಬರುತ್ತದೆ?

ಹೋದ ದಸರಾ ರಜೆಯಲ್ಲಿ ಅರಸೀಕೆರೆಯಿಂದ ಅಕ್ಕನ ಮಗ ಬಂದಿದ್ದ. ಬಿಕಾಂ ಮುಗಿದಿದೆ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಮೂರು ಪುಟದ ರೆಸ್ಯೂಮೆ, ಹತ್ತು ಜೆರಾಕ್ಸ್. "ಮಾವ, ಸಿನಿಮಾದಲ್ಲಿ ಕೆಲಸ ಮಾಡ್ಬೇಕು ಅಂತಿದೀನಿ. ಗಾಂಧಿನಗರದ ಸಿನಿಮಾ ಆಫೀಸುಗಳಲ್ಲಿ ಇದನ್ನ ಯಾರಿಗೆ ಕೊಡ್ಲಿ?" ಅಂದ.

ನಾನು ಫೈಲು ತಿರುವಿ ನೋಡಿ ವಾಪಸ್ ಕೊಟ್ಟೆ. ರೆಸ್ಯೂಮೆಯಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಇಸಕೊಳ್ಳುವ ಮನುಷ್ಯನೇ ಸಿನಿಮಾದಲ್ಲಿ ಇಲ್ಲ, ಅಷ್ಟೇ.

ನಾನು ಆರು ವರ್ಷ ನಿರ್ದೇಶನ ವಿಭಾಗದಲ್ಲಿ ಅಸಿಸ್ಟೆಂಟ್ ಆಗಿದ್ದೆ. ಈಗ ಡಬ್ಬಿಂಗ್‌ಗೆ ಸಂಭಾಷಣೆ ಬರೆದು ಬದುಕುತ್ತಿದ್ದೇನೆ. ದೊಡ್ಡ ಹೆಸರೇನೂ ಮಾಡಿದವನಲ್ಲ. ಆದರೆ ಈ ಲೋಕ ಹೇಗೆ ನಡೆಯುತ್ತದೆ ಅನ್ನೋದನ್ನು ಒಳಗಿದ್ದು ನೋಡಿದ್ದೇನೆ. ಆ ಹುಡುಗನಿಗೆ ಎರಡು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸಿನಿಮಾ ಅಂದರೆ ಒಂದು ಕಂಪನಿ ಅಂದುಕೊಳ್ಳಿ. ಆದರೆ ಎಂಥ ಕಂಪನಿ? ಮುಹೂರ್ತದ ದಿನ ಹುಟ್ಟುತ್ತದೆ. ಐವತ್ತೋ ಅರವತ್ತೋ ದಿನ ಶೂಟಿಂಗ್ ನಡೆಯುತ್ತದೆ. ಕೊನೇ ದಿನ ಕ್ಯಾಮೆರಾಗೆ ಪೂಜೆ ಮಾಡಿ ಕುಂಬಳಕಾಯಿ ಒಡೆಯುತ್ತಾರೆ. ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರನೇ ಬೆಳಗ್ಗೆ ಆ ಫೋಟೋದಲ್ಲಿರುವ ಮುಕ್ಕಾಲು ಪಾಲು ಜನಕ್ಕೆ ಕೆಲಸ ಇಲ್ಲ. ಯಾರೂ ಅವರನ್ನು ತೆಗೆದುಹಾಕಿಲ್ಲ. ಕಂಪನಿಯೇ ಮುಚ್ಚಿದೆ. ಅಲ್ಲಿ ಎಚ್‌ಆರ್ ಇಲ್ಲ, ಪಿಎಫ್ ಇಲ್ಲ, ಪ್ರಮೋಷನ್ ಲಿಸ್ಟ್ ಇಲ್ಲ. ಅದೇ ನಿರ್ಮಾಪಕ ಇನ್ನೊಂದು ಸಿನಿಮಾ ಮಾಡಿದರೂ ಮತ್ತೆ ಮೊದಲಿಂದ ಜನ ಕೂಡಿಸಬೇಕು.

ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ. ಪರಿಚಯಕ್ಕೆ ಯಾಕಷ್ಟು ಬೆಲೆ, ಹೊಸಬರಿಗೆ ಯಾಕಷ್ಟು ಕಡಿಮೆ ದುಡ್ಡು, ಬಾಕಿ ಪೇಮೆಂಟ್ ಯಾಕೆ ಕೈಗೆ ಬರುವುದಿಲ್ಲ, ಎಲ್ಲ.

ಯಾರು ಯಾರನ್ನು ಕರೆಯುತ್ತಾರೆ

ಹಾಗಾದರೆ ಒಂದು ಸಿನಿಮಾಕ್ಕೆ ಬೇಕಾದ ನೂರು ಜನ ಎಲ್ಲಿಂದ ಬರುತ್ತಾರೆ? ನಿರ್ಮಾಪಕರು ಚಿತ್ರೋದ್ಯಮದ ಸಂಸ್ಥೆಯಾದ ಫಿಲ್ಮ್ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಮಾಡಿಸುತ್ತಾರೆ. ಅವರೂ ನಿರ್ದೇಶಕರೂ ಕೂತು ಏಳೆಂಟು ಜನರನ್ನು ಗೊತ್ತು ಮಾಡುತ್ತಾರೆ. ಕ್ಯಾಮೆರಾಮನ್, ಸಂಗೀತ ನಿರ್ದೇಶಕ, ಸಂಕಲನಕಾರ, ಕಲಾ ನಿರ್ದೇಶಕ, ಮೇಕಪ್, ಕಾಸ್ಟ್ಯೂಮ್, ಪ್ರೊಡಕ್ಷನ್ ಮ್ಯಾನೇಜರ್. ನಿರ್ಮಾಪಕರ ಕೆಲಸ ಬಹುತೇಕ ಅಲ್ಲಿಗೆ ಮುಗಿಯಿತು. ಆಮೇಲೆ ಬರುವ ತೊಂಬತ್ತು ಜನರನ್ನು ಈ ಏಳೆಂಟು ಜನ ಕರೆತರುತ್ತಾರೆ.

ಕ್ಯಾಮೆರಾಮನ್ ತನ್ನ ಅಸಿಸ್ಟೆಂಟ್‌ಗಳನ್ನು ತಾನೇ ತರುತ್ತಾನೆ. ಕ್ಯಾಮೆರಾ ಬಾಡಿಗೆಗೆ ಬರುತ್ತದೆ. ಅದನ್ನು ನೋಡಿಕೊಳ್ಳುವವನೂ ಅದರ ಜೊತೆಯಲ್ಲೇ ಬರುತ್ತಾನೆ. ಲೈಟು, ಜನರೇಟರ್ ಬಾಡಿಗೆ ಯೂನಿಟ್‌ನವರದು. ಲೈಟ್‌ಮನ್‌ಗಳು ಆ ಲಾರಿಯಲ್ಲೇ ಬಂದಿಳಿಯುತ್ತಾರೆ. ಕಲಾ ನಿರ್ದೇಶಕರಿಗೆ ಅವರದೇ ಬಡಗಿಗಳು, ಪೇಂಟರ್‌ಗಳು ಇದ್ದಾರೆ. ಮ್ಯಾನೇಜರ್‌ಗೆ ಅವರದೇ ಪ್ರೊಡಕ್ಷನ್ ಹುಡುಗರು. ಬಿಸಿಲಲ್ಲಿ ನಿಂತವರಿಗೆ ಮಜ್ಜಿಗೆ ತಂದುಕೊಡುವ ಹುಡುಗ ಕೂಡ ಯಾರೋ ಒಬ್ಬರ ಮಾತಿನ ಮೇಲೆ ಬಂದವನೇ.

ಅದಕ್ಕೇ, ಕ್ಯಾಮೆರಾ ಅಸಿಸ್ಟೆಂಟ್ ಆಗಬೇಕು ಅಂತ ನಿರ್ಮಾಪಕರ ಆಫೀಸ್ ಮುಂದೆ ಕೂತವನು ತಪ್ಪು ಬಾಗಿಲು ತಟ್ಟುತ್ತಿದ್ದಾನೆ. ಅವನು ಹುಡುಕಬೇಕಾದ್ದು ಕ್ಯಾಮೆರಾಮನ್ ಅನ್ನು. ಇನ್ನೂ ಸರಿಯಾಗಿ ಹೇಳಬೇಕಂದರೆ ಆ ಕ್ಯಾಮೆರಾಮನ್‌ನ ಮೊದಲನೇ ಅಸಿಸ್ಟೆಂಟ್ ಅನ್ನು. ಯಾಕಂದರೆ ಯಾರಾದರೂ ಬಿಟ್ಟುಹೋದಾಗ "ಒಬ್ಬ ಹುಡುಗ ಇದ್ದರೆ ಹೇಳು" ಅಂತ ಕೇಳುವುದು ಅವನನ್ನೇ. ಸಿನಿಮಾಕ್ಕೆ ಸೇರಬೇಕು ಅಂತ ಬರುವ ಹತ್ತರಲ್ಲಿ ಎಂಟು ಜನಕ್ಕೆ ಯಾವ ವಿಭಾಗ ಅಂತಲೇ ಗೊತ್ತಿರುವುದಿಲ್ಲ. ನಮ್ಮ ಹುಡುಗನಿಗೂ ಗೊತ್ತಿರಲಿಲ್ಲ. "ಏನಾದ್ರೂ ಸರಿ ಮಾವ" ಅಂದ. ಏನಾದರೂ ಸರಿ ಅನ್ನುವವನಿಗೆ ಇಲ್ಲಿ ಕೆಲಸ ಕೊಡುವವರೇ ಇಲ್ಲ, ಯಾಕಂದರೆ "ಏನಾದ್ರೂ" ಅನ್ನುವ ವಿಭಾಗ ಇಲ್ಲ.

ಇದನ್ನು ಕೇಳಿದರೆ ಇದೆಲ್ಲ ಬರೀ ವಶೀಲಿ ಅನ್ನಿಸಬಹುದು. ಒಂದಿಷ್ಟು ವಶೀಲಿ ಇದೆ, ಇಲ್ಲ ಅನ್ನಲ್ಲ. ನಟರ ಮಕ್ಕಳಿಗೆ ಮೊದಲ ಅವಕಾಶ ಸುಲಭ. ಆದರೆ ಕೆಳಗಿನ ಹಂತಗಳಲ್ಲಿ ಪರಿಚಯ ನೋಡುವುದಕ್ಕೆ ಬೇರೆ ಕಾರಣ ಇದೆ. ಒಂದು ದಿನದ ಶೂಟಿಂಗ್‌ಗೆ ಸಣ್ಣ ಸಿನಿಮಾದಲ್ಲೂ ಲಕ್ಷದ ಲೆಕ್ಕ. ಅಷ್ಟೂ ಜನ, ಲೈಟು, ಬಾಡಿಗೆ ಮನೆ, ನಟರು ದಿನ ಗೊತ್ತು ಮಾಡಿ ಕೊಟ್ಟ ಕಾಲ್‌ಶೀಟ್ ಎಲ್ಲ ಕೂಡಿ ಬಂದ ದಿನ ಒಬ್ಬ ಹುಡುಗ ಕೈಕೊಟ್ಟರೆ ಎಲ್ಲರೂ ಅವನಿಗೆ ಕಾಯಬೇಕು. ತರಬೇತಿ ಕೊಟ್ಟು ತಿದ್ದಿಕೊಳ್ಳೋಣ ಅಂದರೆ ಕಂಪನಿಯ ಆಯಸ್ಸೇ ಎರಡು ತಿಂಗಳು. ಅದಕ್ಕೇ ಗೊತ್ತಿರುವವನನ್ನೇ ಕರೆಯುತ್ತಾರೆ. ಅವನು ಎಲ್ಲರಿಗಿಂತ ಜಾಣ ಇರಬೇಕಂತಿಲ್ಲ. ಬರ್ತೀನಿ ಅಂದರೆ ಬರುತ್ತಾನಲ್ಲ, ಅದು ಸಾಕು.

ಎಡಗೈಯೋ ಬಲಗೈಯೋ

ನನ್ನ ವಿಭಾಗದ ಒಂದು ಕೆಲಸವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಿರ್ದೇಶನ ವಿಭಾಗದಲ್ಲಿ ಮೇಲೆ ನಿರ್ದೇಶಕರು, ಅವರ ಕೆಳಗೆ ಕೋ ಡೈರೆಕ್ಟರ್, ಅಸೋಸಿಯೇಟ್, ಅದರ ಕೆಳಗೆ ಮೂರೋ ನಾಲ್ಕೋ ಅಸಿಸ್ಟೆಂಟ್‌ಗಳು. ಹೊಸಬನಿಗೆ ಶಾಟ್ ಶುರುವಾಗುವಾಗ ಸೀನ್ ನಂಬರ್ ತೋರಿಸುವ ಕ್ಲ್ಯಾಪ್ ಬೋರ್ಡ್ ಕೊಡುತ್ತಾರೆ. ಒಬ್ಬ ಸಹ ಕಲಾವಿದರನ್ನು ನೋಡಿಕೊಳ್ಳುತ್ತಾನೆ. ಒಬ್ಬ ಕಾಸ್ಟ್ಯೂಮ್. ಒಬ್ಬನಿಗೆ ಕಂಟಿನ್ಯುಟಿ. ನನಗೆ ಎರಡನೇ ಸಿನಿಮಾದಲ್ಲಿ ಕಂಟಿನ್ಯುಟಿ ಸಿಕ್ಕಿತು.

ಸಿನಿಮಾವನ್ನು ಕಥೆಯ ಸಾಲಿನಲ್ಲಿ ಶೂಟ್ ಮಾಡುವುದಿಲ್ಲ, ನಿಮಗೆ ಗೊತ್ತಿರಬಹುದು. ಒಂದು ಮನೆ ನಾಲ್ಕು ದಿನಕ್ಕೆ ಬಾಡಿಗೆಗೆ ಸಿಕ್ಕಿದರೆ, ಆ ಮನೆಯ ಎಲ್ಲ ಸೀನೂ ಆ ನಾಲ್ಕು ದಿನದಲ್ಲೇ ಮುಗಿಯಬೇಕು. ತಾಯಿ ಪಾತ್ರದವರ ಕಾಲ್‌ಶೀಟ್ ಎರಡೇ ದಿನ ಇದ್ದರೆ ಅವರ ಎಲ್ಲ ಸೀನೂ ಎರಡು ದಿನಕ್ಕೆ. ಹಾಗಾಗಿ ಬೆಳಗ್ಗೆ 14ನೇ ಸೀನು, ಮಧ್ಯಾಹ್ನ 62ನೇ ಸೀನು, ಸಂಜೆ 9ನೇ ಸೀನು. ಬೆಳಗ್ಗೆ ಮಗನಿಗೆ ಉಪ್ಪಿಟ್ಟು ಬಡಿಸುತ್ತಿದ್ದ ತಾಯಿ ಮಧ್ಯಾಹ್ನ ಗಂಡನ ಫೋಟೋಗೆ ಹಾರ ಹಾಕುತ್ತಿರುತ್ತಾಳೆ. ಈ ಚೂರುಗಳನ್ನು ಎಡಿಟಿಂಗ್ ಟೇಬಲ್ ಮೇಲೆ ಜೋಡಿಸಿದಾಗ ಎಲ್ಲೂ ಹೊಲಿಗೆ ಕಾಣಬಾರದು. ಲೋಟದಲ್ಲಿ ಕಾಫಿ ಎಷ್ಟಿತ್ತು, ಶರ್ಟಿನ ತೋಳು ಎಷ್ಟು ಮಡಿಚಿತ್ತು, ಬಾಗಿಲು ಅರ್ಧ ತೆರೆದಿತ್ತೋ ಪೂರ್ತಿಯೋ, ಇದೆಲ್ಲ ಬರೆದಿಟ್ಟುಕೊಳ್ಳುವವನು ಕಂಟಿನ್ಯುಟಿ ಅಸಿಸ್ಟೆಂಟ್.

ನಮ್ಮ ಸಿನಿಮಾದ 61ನೇ ಸೀನಿನಲ್ಲಿ ಹೀರೋ ಕೈಗೆ ಪೆಟ್ಟು. 62ರಲ್ಲಿ ಬ್ಯಾಂಡೇಜ್ ಕಟ್ಟಿಕೊಂಡು ಮನೆಗೆ ಬರುತ್ತಾನೆ. ಮನೆ ಮೊದಲು ಸಿಕ್ಕಿದ್ದರಿಂದ 62ನ್ನೇ ಮೊದಲು ಶೂಟ್ ಮಾಡಿದೆವು. ನಾನು ನೋಟ್‌ಬುಕ್‌ನಲ್ಲಿ ಚೆನ್ನಾಗಿ ಬರೆದೆ: "ಕೈಗೆ ಬ್ಯಾಂಡೇಜ್." ಇಪ್ಪತ್ತು ದಿನ ಕಳೆದು, ಊರಾಚೆಯ ಒಂದು ಗೋಡೌನ್‌ನಲ್ಲಿ 61ರ ಫೈಟು. ಫೈಟ್ ಮಾಸ್ಟರ್ ಕೇಳಿದರು, "ಯಾವ ಕೈಗೆ ಹೊಡೀಬೇಕು?" ಎಲ್ಲರೂ ನನ್ನ ಕಡೆ ನೋಡಿದರು. ನಾನು ನೋಟ್‌ಬುಕ್ ನೋಡಿದೆ. ಎಡಗೈಯೋ ಬಲಗೈಯೋ ಬರೆದಿರಲಿಲ್ಲ. ಫೋಟೋ ಇದ್ದ ಫೋನು ಊರಲ್ಲಿ ರಿಪೇರಿಗೆ ಕೊಟ್ಟಿದ್ದೆ. ಬೆನ್ನಲ್ಲಿ ಬೆವರು ಇಳಿಯುವುದು ಅಂದರೇನು ಅಂತ ಅವತ್ತು ತಿಳೀತು.

ಹಿಂದೆ ಸ್ಟೂಲ್ ಮೇಲೆ ಕೂತಿದ್ದ ಮೇಕಪ್‌ನವರು ತಲೆ ಎತ್ತದೆ ಅಂದರು, "ಎಡಗೈ. ಹೆಬ್ಬೆರಳ ಬುಡದಿಂದ ಮೂರು ಸುತ್ತು, ಗಂಟು ಒಳಗಡೆ." ಆಮೇಲೆ ನನ್ನ ಹತ್ತಿರ ಬಂದು ಮೆತ್ತಗೆ, "ನಾನು ಕಟ್ಟಿದ್ದು ಕಣಯ್ಯಾ, ಮರೀತೀನಾ?" ಅಂದರು. ಅವರಿಗೆ ಆಗ ಅರವತ್ತರ ಹತ್ತಿರ.

ಮುಂದಿನ ಸಿನಿಮಾಕ್ಕೆ ನಮ್ಮ ಕೋ ಡೈರೆಕ್ಟರ್ ಆ ಮೇಕಪ್‌ನವರನ್ನು ಕರೆದರು. ನನ್ನನ್ನು ಕರೆಯಲಿಲ್ಲ. ಬೈಯಲೂ ಇಲ್ಲ. ಸಿನಿಮಾದಲ್ಲಿ ನಿಮ್ಮನ್ನು ಯಾರೂ ಫೇಲ್ ಮಾಡುವುದಿಲ್ಲ. ಸುಮ್ನೆ ಫೋನ್ ಬರುವುದಿಲ್ಲ, ಅಷ್ಟೇ.

ಆ ಎರಡನೇ ಫೋನು

ಮೊದಲ ಅವಕಾಶದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕೆಲಸ ನಿಲ್ಲುವುದು ಎರಡನೇ ಸಲದ ಮೇಲೆ. ಮೊದಲನೇದು ಅದೃಷ್ಟದಿಂದಲೋ ಸೋದರಮಾವನಿಂದಲೋ ಸಿಗಬಹುದು. ಎರಡನೇದು ನಿಮ್ಮನ್ನು ನೋಡಿದವರಿಂದಲೇ ಬರಬೇಕು.

ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಮೈಸೂರಿನ ವಿ.ಕೆ. ಮೂರ್ತಿ ಅವರದು. 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತು ಮುಂಬೈಗೆ ಹೋದವರು. ಅಲ್ಲಿ ವರ್ಷಗಟ್ಟಲೆ ಅಸಿಸ್ಟೆಂಟ್. 1951ರ 'ಬಾಜಿ'ಯಲ್ಲೂ ಅವರು ಕ್ಯಾಮೆರಾಮನ್ ವಿ. ರಾತ್ರಾ ಅವರ ಸಹಾಯಕ. ಒಂದು ಕಷ್ಟದ ಶಾಟ್ ಬಗ್ಗೆ ಮೂರ್ತಿ ಸಲಹೆ ಕೊಟ್ಟರು. ನಿರ್ದೇಶಕ ಗುರುದತ್ ಅದನ್ನು ಅವರಿಂದಲೇ ತೆಗೆಸಿದರು. ಶಾಟ್ ಚೆನ್ನಾಗಿ ಬಂತು. ಮುಂದಿನ ಚಿತ್ರಕ್ಕೆ ಗುರುದತ್ ಮೂರ್ತಿಯನ್ನೇ ಕ್ಯಾಮೆರಾಮನ್ ಮಾಡಿಕೊಂಡರು. ಅಲ್ಲಿಂದ ಇಬ್ಬರದೂ ಒಂದೇ ದಾರಿ. ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರವನ್ನು 1959ರಲ್ಲಿ ಚಿತ್ರಿಸಿದ್ದು ಮೂರ್ತಿ ಅವರೇ. ಮುಂದೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಈ ಕಥೆಯಲ್ಲಿ ಶಾಟ್‌ನಷ್ಟೇ ಮುಖ್ಯವಾದ ಇನ್ನೊಂದಿದೆ. ಮೂರ್ತಿ ಆ ಹೊತ್ತಿಗೆ ಆ ಸೆಟ್ಟಿನಲ್ಲಿ ನಿಂತಿದ್ದರು. ಕಲಿತು ಬಂದಿದ್ದರು, ಹಾಗಾಗಿ ಏನು ಹೇಳಬೇಕು ಅಂತ ಗೊತ್ತಿತ್ತು. ಅವರ ಮೇಲಿನವರು "ನೀನ್ಯಾರು ಹೇಳೋಕೆ" ಅನ್ನಲಿಲ್ಲ. ಮೂರೂ ಕೂಡಿ ಬರಬೇಕು. ಕಲಿಯುವುದು ನಿಮ್ಮ ಕೈಲಿದೆ, ಆ ಹೊತ್ತಿಗೆ ಅಲ್ಲಿರುವುದು ಅರ್ಧ ಇದೆ, ಮೂರನೇದು ಇಲ್ಲ.

ಕೋರ್ಸ್ ಮಾಡಬೇಕಾ ಬೇಡವಾ ಅಂತ ಹುಡುಗ ಕೇಳಿದ. ಮೂರ್ತಿ ಓದಿದ ಆ ಕೋರ್ಸಿನ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿದೆ. ಪುಣೆಯ ಎಫ್‌ಟಿಐಐ ಸಿನಿಮಾ ಶಾಲೆ 1960ರಿಂದ ಇದೆ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ 1995ರಿಂದ. ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ಕಲಿತವರು. ಪುಟ್ಟಣ್ಣ ಕಣಗಾಲ್ ಯಾವ ಸಿನಿಮಾ ಶಾಲೆಗೂ ಹೋಗದೆ ಬಿ.ಆರ್. ಪಂತುಲು ಅವರ ಬಳಿ ಅಸಿಸ್ಟೆಂಟ್ ಆಗಿ ಕಲಿತವರು. ಎರಡು ದಾರಿಯೂ ಊರು ಮುಟ್ಟಿಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಮೆರಾ, ಸೌಂಡ್, ಎಡಿಟಿಂಗ್‌ಗೆ ಒಳ್ಳೇ ಸಂಸ್ಥೆಯಲ್ಲಿ ಕಲಿತರೆ ಐದು ವರ್ಷದ ತಡಕಾಟ ಉಳಿಯುತ್ತದೆ. ನಿರ್ದೇಶನಕ್ಕೆ ಸಂಸ್ಥೆ ಕೊಡುವುದು ಸಿನಿಮಾ ನೋಡುವ ಕಣ್ಣು ಮತ್ತು ಜೊತೆಗಾರರು. ಆ ಜೊತೆಗಾರರೇ ಆಮೇಲೆ ನಿಮಗೆ ಫೋನ್ ಮಾಡುವವರು. ಸರ್ಟಿಫಿಕೇಟ್ ಮಾತ್ರ ಯಾವ ಸೆಟ್ಟಿನಲ್ಲೂ ಯಾರೂ ಕೇಳಿದ್ದು ನಾನು ನೋಡಿಲ್ಲ. ಮೂರು ತಿಂಗಳಿಗೆ ಲಕ್ಷಾಂತರ ಫೀಸು ಕೇಳಿ "ಪಕ್ಕಾ ಅವಕಾಶ" ಅನ್ನುವ ಕಡೆ ಹೋಗಬೇಡಿ.

ರಿಷಬ್ ಶೆಟ್ಟಿ ಎರಡನ್ನೂ ಮಾಡಿದವರು. ನಿರ್ದೇಶನದ ಡಿಪ್ಲೊಮಾವನ್ನೂ ಮಾಡಿದರು, ಕ್ಲ್ಯಾಪ್ ಬಾಯ್, ಸ್ಪಾಟ್ ಬಾಯ್ ಕೂಡ ಆಗಿದ್ದರು. ನಡುವೆ ಹೊಟ್ಟೆಪಾಡಿಗೆ ನೀರಿನ ಕ್ಯಾನ್ ಮಾರಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2016ರಲ್ಲಿ ನಿರ್ದೇಶಕರಾದರು. ಅದಕ್ಕೆ ಮುಂಚಿನ ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ. ಸಿನಿಮಾಕ್ಕೆ ಬರುವವರು ಓದಬೇಕಾದ್ದು ಆ ಭಾಗವನ್ನೇ.

ಸೆಟ್ಟಿಗೆ ಬರದೆಯೂ

ಇನ್ನೊಂದು ಬಾಗಿಲಿದೆ, ಅದು ಸೆಟ್ಟಿನ ಕಡೆ ತೆರೆಯುವುದಿಲ್ಲ. ಎಡಿಟಿಂಗ್, ಸೌಂಡ್ ಡಿಸೈನ್, ಗ್ರಾಫಿಕ್ಸ್, ಬಣ್ಣ ತಿದ್ದುವ ಡಿಐ. ಇಲ್ಲಿ ನೀವು ಯಾರ ಪರಿಚಯ ಅನ್ನೋದಕ್ಕಿಂತ ಕೆಲಸ ತೋರಿಸಿ ಅನ್ನೋದು ಜಾಸ್ತಿ. ಯಾಕಂದರೆ ಈ ಕೆಲಸವನ್ನು ಮನೆಯಲ್ಲಿ ಕೂತು ಮಾಡಿ ತೋರಿಸಬಹುದು. ಕಲಬುರಗಿಯ ಉಜ್ವಲ್ ಕುಲಕರ್ಣಿ ಯೂಟ್ಯೂಬ್‌ಗೆ ಫ್ಯಾನ್ ಎಡಿಟ್‌ಗಳನ್ನು ಮಾಡುತ್ತಿದ್ದ ಹುಡುಗ. ಅದನ್ನು ನೋಡಿ ಅವರಿಗೆ ಕರೆ ಬಂತು. 2022ರಲ್ಲಿ 'ಕೆಜಿಎಫ್ 2' ಬಿಡುಗಡೆಯಾದಾಗ ಸಂಕಲನಕಾರ ಅಂತ ಹೆಸರು ಬಂದದ್ದು ಇಪ್ಪತ್ತರ ಆಸುಪಾಸಿನ ಆ ಹುಡುಗನದು. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಆದರೆ ಸೆಟ್ಟಿನ ಅಸಿಸ್ಟೆಂಟ್‌ಗೆ ತನ್ನ ಕೆಲಸ ಹೀಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ತೋರಿಸಲು ಸಾಧ್ಯವೇ ಇಲ್ಲ. ಒಳ್ಳೇ ಕಂಟಿನ್ಯುಟಿ ಅಂದರೆ ಪರದೆ ಮೇಲೆ ಏನೂ ಕಾಣದಿರುವುದು. ಅದನ್ನು ಹೇಗೆ ತೋರಿಸ್ತೀರಿ?

ಡಬ್ಬಿಂಗ್ ಕೂಡ ಹೊಸ ಬಾಗಿಲೇ. ದಶಕಗಳ ಕಾಲ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗದಂತೆ ಉದ್ಯಮ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಅಂತ ಹೇಳಿತು. ಈಗ ಸಿನಿಮಾ, ಧಾರಾವಾಹಿ, ಕಾರ್ಟೂನ್ ಎಲ್ಲ ಕನ್ನಡಕ್ಕೆ ಬರುತ್ತಿವೆ. ತುಟಿಗೆ ಹೊಂದುವಂತೆ ಕನ್ನಡ ಬರೆಯುವವರು, ದನಿ ಕೊಡುವವರು ಬೇಕಾಗಿದ್ದಾರೆ. ಇದು ಸರಿಯೋ ತಪ್ಪೋ ಅಂತ ನನ್ನ ಹಳೇ ಗೆಳೆಯರು ಇವತ್ತೂ ಜಗಳ ಆಡುತ್ತಾರೆ. ನಾನು ಊಟ ಮಾಡುತ್ತಿರುವುದು ಅದರಿಂದಲೇ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಳೆದು ಕೇಳಿಸಿಕೊಳ್ಳಿ.

ನಟನೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಒಂದೇ ಮಾತು: ನಾಟಕ ಮಾಡಿ. ಅಚ್ಯುತ್ ಕುಮಾರ್ ಹೆಗ್ಗೋಡಿನ ನೀನಾಸಂ ರಂಗಶಾಲೆಯಿಂದ ಬಂದವರು, ಯಶ್ ಬೆನಕ ನಾಟಕ ತಂಡದಲ್ಲಿ ತೆರೆಮರೆಯ ಕೆಲಸ ಮಾಡಿದವರು, ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರ ಹೆಸರಲ್ಲೇ ಅವರ ತಂಡ ಇದೆ. ಪಾತ್ರ ಕೊಡಿಸ್ತೀನಿ, ಮೊದಲು ಪೋರ್ಟ್‌ಫೋಲಿಯೋಗೆ ಇಷ್ಟು, ರಿಜಿಸ್ಟ್ರೇಷನ್‌ಗೆ ಇಷ್ಟು ಕಟ್ಟಿ ಅನ್ನುವವರು ಸಿನಿಮಾದವರಲ್ಲ. ಅವರ ವ್ಯಾಪಾರ ನಿಮ್ಮ ಹತ್ತಿರವೇ ಮುಗಿಯುತ್ತದೆ.

ಕೈಯಲ್ಲಿ ಏನಾದರೂ ಹಿಡಿದಿರಬೇಕು

ಈಗ ದುಡ್ಡಿನ ವಿಷಯ. ಇದನ್ನು ಅರ್ಥ ಮಾಡಿಕೊಳ್ಳದೆ ಎಷ್ಟೋ ಜನ ಮನಸ್ಸು ಕೆಡಿಸಿಕೊಂಡು ಊರಿಗೆ ವಾಪಸ್ ಹೋಗಿದ್ದಾರೆ.

ಲೈಟ್‌ಮನ್, ಪ್ರೊಡಕ್ಷನ್ ಹುಡುಗರು, ಸಹ ಕಲಾವಿದರಿಗೆ ದಿನದ ಲೆಕ್ಕ, ಮೇಲೆ ದಿನದ ಭತ್ಯೆ, ಅಂದರೆ ಬಾಟಾ. ಒಂದು ದಿನದ ಪಾಳಿಗೆ ಒಂದು ಕಾಲ್‌ಶೀಟ್, ಹೊತ್ತು ಮೀರಿದರೆ ಒಂದೂವರೆ ಕಾಲ್‌ಶೀಟ್, ಎರಡು ಕಾಲ್‌ಶೀಟ್ ಅಂತ ಲೆಕ್ಕ ಏರುತ್ತದೆ. ಇವರ ಹಿಂದೆ ಸಂಘ ಇದೆ, ಸಂಘಗಳ ಮೇಲೆ ಒಕ್ಕೂಟ ಇದೆ. ಕೊಡದಿದ್ದರೆ ಮಾರನೇ ದಿನ ಲೈಟು ಹತ್ತುವುದಿಲ್ಲ. ಹಾಗಾಗಿ ದುಡ್ಡು ಚಿಕ್ಕದಾದರೂ ಸಾಮಾನ್ಯವಾಗಿ ಬರುತ್ತದೆ.

ಅಸಿಸ್ಟೆಂಟ್ ಡೈರೆಕ್ಟರ್‌ಗೆ ಇಡೀ ಸಿನಿಮಾಕ್ಕೆ ಇಷ್ಟು ಅಂತ ಮಾತು. ಅಡ್ವಾನ್ಸ್ ಸ್ವಲ್ಪ, ನಡುವೆ ಸ್ವಲ್ಪ, ಉಳಿದದ್ದು ಆಮೇಲೆ. ಈ "ಆಮೇಲೆ" ಯಾವಾಗ? ಇದಕ್ಕೆ ನಾನು ಕಂಡುಕೊಂಡ ಒಂದು ಲೆಕ್ಕ ಇದೆ. ಯಾರ ಕೈಯಲ್ಲಿ ಸಿನಿಮಾದ ಒಂದು ತುಂಡು ಇದೆಯೋ ಅವರಿಗೆ ದುಡ್ಡು ಮೊದಲು ಬರುತ್ತದೆ. ದೊಡ್ಡ ನಟರ ಕೈಯಲ್ಲಿ ದನಿ ಇದೆ. ಬಾಕಿ ಕೊಟ್ಟರೆ ತಮ್ಮ ಪಾತ್ರಕ್ಕೆ ದನಿ ಕೊಡಲು ಡಬ್ಬಿಂಗ್‌ಗೆ ಬರುತ್ತಾರೆ. ಎಡಿಟಿಂಗ್, ಡಿಐ ಸ್ಟುಡಿಯೋದವರ ಕೈಯಲ್ಲಿ ಹಾರ್ಡ್‌ಡಿಸ್ಕ್ ಇದೆ. ಲೆಕ್ಕ ಚುಕ್ತಾ ಆಗದೆ ಕಾಪಿ ಹೊರಗೆ ಹೋಗುವುದಿಲ್ಲ. ಬಡ್ಡಿಗೆ ದುಡ್ಡು ಕೊಟ್ಟ ಫೈನಾನ್ಸಿಯರ್ ಕೈಯಲ್ಲಿ ಬಿಡುಗಡೆಯೇ ಇದೆ. ಅಸಿಸ್ಟೆಂಟ್ ಡೈರೆಕ್ಟರ್ ಕೈಯಲ್ಲಿ? ಕುಂಬಳಕಾಯಿ ಒಡೆದ ದಿನ ಅವನು ಕ್ಲ್ಯಾಪ್ ಬೋರ್ಡನ್ನೂ ವಾಪಸ್ ಕೊಟ್ಟಿರುತ್ತಾನೆ. ಅವನಿಗೆ ಸಿಗುವ ಉತ್ತರ "ರಿಲೀಸ್ ಆಗ್ಲಿ ನೋಡೋಣ." ರಿಲೀಸ್ ಆದ ಮೇಲೆ "ಕಲೆಕ್ಷನ್ ಎಲ್ಲಿದೆ?"

ಎಲ್ಲ ನಿರ್ಮಾಪಕರೂ ಮೋಸಗಾರರು ಅಂತ ಇದರರ್ಥ ಅಲ್ಲ. ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ವರ್ಷಕ್ಕೆ 200ರ ಆಸುಪಾಸು ಸಿನಿಮಾ ಬರುತ್ತಿವೆ. ಅದರಲ್ಲಿ ಹಾಕಿದ ದುಡ್ಡು ವಾಪಸ್ ತರುವುದು ಕೆಲವೇ ಕೆಲವು. ಸೈಟು ಮಾರಿ ಸಿನಿಮಾ ಮಾಡಿದವರು ನಿಜಕ್ಕೂ ಖಾಲಿ ಕೈಯಲ್ಲಿ ನಿಂತಿರುತ್ತಾರೆ. ನನಗೂ ಒಂದು ಕಡೆ ಇನ್ನೂ ಬಾಕಿ ಇದೆ. ಆ ನಿರ್ಮಾಪಕರು ಸಿಕ್ಕಿದಾಗ ಅವರೇ ಕಾಫಿ ಕೊಡಿಸುತ್ತಾರೆ. ಆ ಲೆಕ್ಕದಲ್ಲಿ ಅರ್ಧ ಸಾಲ ತೀರಿರಬೇಕು.

ಹಾಗಾಗಿ ಹುಡುಗನಿಗೆ ಹೇಳಿದೆ. ಮೊತ್ತ, ಕಂತು, ಟೈಟಲ್ ಕಾರ್ಡಿನಲ್ಲಿ ಹೆಸರು, ಮೂರನ್ನೂ ಬರೆದು ತಗೋ. ಅಗ್ರಿಮೆಂಟ್ ಕೇಳಲು ಸಂಕೋಚ ಆದರೆ ಮ್ಯಾನೇಜರ್‌ಗೆ "ಸರ್, ಮಾತಾಡಿದ ಹಾಗೆ ಇಷ್ಟು, ಹೀಗೆ" ಅಂತ ವಾಟ್ಸಾಪ್ ಹಾಕು, ಅವರು ಒಂದು "ಓಕೆ" ಹಾಕಿದರೂ ಸಾಕು. ಹೆಚ್ಚಿನ ಪಾಲು ದುಡ್ಡು ಶೂಟಿಂಗ್ ನಡೆಯುವಾಗಲೇ ಬರುವ ಹಾಗೆ ಕಂತು ಮಾಡಿಕೋ, ಆಗ ನೀನು ಅವರಿಗೆ ಬೇಕಾಗಿರುತ್ತೀಯ. ಟಿಡಿಎಸ್ ಅಂತ ತೆರಿಗೆ ಹಿಡಿದಿದ್ದರೆ ಅದು ನಿನ್ನ ಪ್ಯಾನ್‌ಗೆ ಕಟ್ಟಿದ್ದಾರಾ ನೋಡು, ನಿನ್ನ ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಸಂಘದ ಕಾರ್ಡು ಬೇಕಂದರೆ ಸಂಘದ ಆಫೀಸಿಗೇ ಹೋಗಿ ಫೀಸು ಕೇಳು, ನಡುವಿನವರ ಕೈಗೆ ನೋಟು ಕೊಡಬೇಡ.

ರಾಜ್ಯ ಸರ್ಕಾರ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಅಂತ ಒಂದು ಮಸೂದೆಗೆ ಒಪ್ಪಿಗೆ ಪಡೆಯಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ, ಆ ದುಡ್ಡಿನಿಂದ ಕಾರ್ಮಿಕರಿಗೆ ನಿಧಿ ಮಾಡುವ ಯೋಚನೆ. ಪ್ರತಿ ಎರಡು ತಿಂಗಳಿಗೆ ಮುಚ್ಚುವ ಕಂಪನಿಯಲ್ಲಿ ಪಿಎಫ್ ಯಾರು ಕಟ್ಟಬೇಕು ಅನ್ನೋ ಪ್ರಶ್ನೆಗೆ ಇದೊಂದು ಉತ್ತರ. ಉತ್ತರ ಸರಿ ಇದೆ ಅಂತ ನನಗನ್ನಿಸುತ್ತದೆ. ಕಾರ್ಮಿಕನ ಕೈಗೆ ಎಷ್ಟು ತಲುಪುತ್ತದೆ ಅನ್ನೋದು ಮುಂದಿನ ಮಾತು.

ಸಿನಿಮಾ ಇಲ್ಲದ ತಿಂಗಳುಗಳಲ್ಲಿ? ಧಾರಾವಾಹಿ. ಗಾಂಧಿನಗರದವರು ಸ್ವಲ್ಪ ಮೂಗು ಮುರಿಯುತ್ತಾರೆ, ಆದರೆ ಎಷ್ಟೋ ಮನೆಗಳ ಬಾಡಿಗೆ ಕಟ್ಟುವುದು ಅದೇ. ದಿನಕ್ಕೊಂದು ಎಪಿಸೋಡ್ ಹೋಗಲೇಬೇಕಾದ್ದರಿಂದ ಅಲ್ಲಿ ಕೆಲಸ ನಿಲ್ಲುವುದಿಲ್ಲ. ಕಲಿಕೆಯೂ ಜೋರು. ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ಸೀನ್ ಆದರೆ ದೊಡ್ಡದು, ಅಲ್ಲಿ ಅಷ್ಟಕ್ಕೆ ಮಧ್ಯಾಹ್ನದ ಊಟವೂ ಆಗಿರುವುದಿಲ್ಲ. ಜಾಹೀರಾತು, ಕಾರ್ಪೊರೇಟ್ ವಿಡಿಯೋ, ಮದುವೆ ವಿಡಿಯೋ ಎಲ್ಲವೂ ಇದೆ. ಮದುವೆ ಶೂಟ್ ಮಾಡುವ ಕ್ಯಾಮೆರಾಮನ್ ಬಗ್ಗೆ ನಗಬೇಡಿ. ಮಾಂಗಲ್ಯಧಾರಣೆಗೆ ಎರಡನೇ ಟೇಕ್ ಇಲ್ಲ.

ಹುಡುಗಿಯರು ಕೇಳುವ ಪ್ರಶ್ನೆ

ಹುಡುಗನ ತಂಗಿ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. "ನಾನು ಬಂದ್ರೆ ಮಾವ?" ಅಂದಳು. ಅಕ್ಕ ಅಡುಗೆಮನೆಯಿಂದಲೇ "ಏನೂ ಬೇಡ" ಅಂದಳು.

ಅಕ್ಕನ ಭಯ ಸುಮ್ನೆ ಬಂದದ್ದಲ್ಲ. ನಮ್ಮ ದೇಶದ ಸಿನಿಮಾದಲ್ಲಿ ಹೆಂಗಸರು ಮೇಕಪ್ ಕಲಾವಿದರಾಗಿ ಕಾರ್ಡು ಪಡೆಯಲೂ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಮೇಕಪ್ ಗಂಡಸರದು, ಹೆಂಗಸರಿಗೆ ಕೇಶವಿನ್ಯಾಸ ಮಾತ್ರ ಅಂತ ಮುಂಬೈನ ಸಂಘದ ನಿಯಮ ಇತ್ತು. ಅದನ್ನು ಕೋರ್ಟು ತೆಗೆದುಹಾಕಿದ್ದು 2014ರಲ್ಲಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಬೇಕು. ಒಂದೊಂದು ಸಿನಿಮಾ ಘಟಕಕ್ಕೂ ಇದು ಅನ್ವಯ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. 2024ರಲ್ಲಿ ಅಲ್ಲಿ, ಮಲಯಾಳಂ ಸಿನಿಮಾದಲ್ಲಿ ಹೆಂಗಸರ ಪಾಡು ವಿಚಾರಿಸಿದ ಹೇಮಾ ಸಮಿತಿಯ ವರದಿ ಹೊರಬಿದ್ದ ಮೇಲೆ, ಇಲ್ಲೂ ಅಂಥದ್ದೊಂದು ಸಮಿತಿ ಬೇಕು ಅಂತ ಕನ್ನಡ ಸಿನಿಮಾದವರ 'ಫೈರ್' ಸಂಘಟನೆಯವರು ಮುಖ್ಯಮಂತ್ರಿಗೆ ಮನವಿ ಕೊಟ್ಟರು.

ಇಲ್ಲೂ ಅದೇ ಲೆಕ್ಕ ನೋಡಿ. ದೂರು ಯಾರಿಗೆ ಕೊಡಬೇಕು? ಕಂಪನಿ ಮುಚ್ಚಿದ ಮೇಲೆ ವಿಚಾರಣೆ ಯಾರು ಮಾಡಬೇಕು? ದೂರು ಕೊಟ್ಟವಳಿಗೆ ಮುಂದಿನ ಫೋನ್ ಬರುತ್ತದಾ? ಈ ವ್ಯವಸ್ಥೆಯ ಅತೀ ಕೆಟ್ಟ ಮುಖ ಇದು. ಹಾಗಾಗಿ ನಾನು ಹುಡುಗಿಗೆ ಹೇಳಿದ್ದು ಎರಡೇ. ಒಪ್ಪಿಕೊಳ್ಳುವ ಮುಂಚೆ ಆ ತಂಡದಲ್ಲಿ ಹಿಂದೆ ಕೆಲಸ ಮಾಡಿದ ಒಬ್ಬ ಹೆಂಗಸಿಗೆ ಫೋನ್ ಮಾಡು. ಮತ್ತೆ, ಔಟ್‌ಡೋರ್ ಇದ್ದರೆ ಟಾಯ್ಲೆಟ್ ಎಲ್ಲಿ ಅಂತ ಮ್ಯಾನೇಜರ್‌ಗೆ ಮೊದಲೇ ಕೇಳು. ಹೀರೋಯಿನ್‌ಗೆ ಕ್ಯಾರವಾನ್ ಇರುತ್ತದೆ, ಅಸಿಸ್ಟೆಂಟ್‌ಗೆ ಎಷ್ಟೋ ಕಡೆ ಏನೂ ಇರುವುದಿಲ್ಲ. ಆ ಪ್ರಶ್ನೆಗೆ ಮ್ಯಾನೇಜರ್ ಕೊಡುವ ಉತ್ತರದಲ್ಲೇ ಆ ತಂಡ ಹೇಗಿದೆ ಅಂತ ಅರ್ಧ ಗೊತ್ತಾಗುತ್ತದೆ. ಅವಳಿಗೆ ಎಡಿಟಿಂಗ್ ಕಡೆ ಮನಸ್ಸಿದೆ ಅನ್ನಿಸುತ್ತದೆ. ಅಕ್ಕ ಇನ್ನೂ ಒಪ್ಪಿಲ್ಲ.

ಹುಡುಗ ಫೈಲನ್ನು ನಮ್ಮ ಮನೆಯಲ್ಲೇ ಬಿಟ್ಟುಹೋದ. ಆಮೇಲೆ ಬೆಂಗಳೂರಿಗೆ ಬಂದು ಅಕೌಂಟ್ಸ್ ಕೆಲಸಕ್ಕೆ ಸೇರಿದ. ಭಾನುವಾರಗಳಲ್ಲಿ ಯಾರದ್ದೋ ಕಿರುಚಿತ್ರಕ್ಕೆ ಹೋಗುತ್ತಿದ್ದ. ಅಲ್ಲಿ ಖರ್ಚಿನ ಲೆಕ್ಕ ಬರೆಯುವವರು ಯಾರೂ ಇರಲಿಲ್ಲವಂತೆ, ಇವನು ಬರೆದ. ಚಹಾದ ಬಿಲ್ಲಿನಿಂದ ಹಿಡಿದು ಲೆನ್ಸ್ ಬಾಡಿ‌ಗೆವರೆಗೆ ಎಲ್ಲ ಒಂದು ಎಕ್ಸೆಲ್ ಶೀಟಲ್ಲಿ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಆ ಕಿರುಚಿತ್ರದಲ್ಲಿ ಇದ್ದವರೊಬ್ಬರು ಈಗ ಒಂದು ಸಿನಿಮಾದ ಮ್ಯಾನೇಜರ್ ಜೊತೆ ಇದ್ದಾರಂತೆ. ನಾಳೆ ಬೆಳಗ್ಗೆ ಐದೂವರೆಗೆ ನಾಗರಬಾವಿ ಹತ್ತಿರ ಗಾಡಿ ಬರುತ್ತದೆ, ಹತ್ಕೋ ಅಂದಿದ್ದಾರಂತೆ.

"ಮಾವ, ಶೂ ಹಾಕ್ಕೊಂಡು ಹೋಗ್ಲಾ, ಚಪ್ಪಲಿನಾ?"

"ಶೂ. ಕೇಬಲ್ ಬಿದ್ದಿರ್ತವೆ. ಪೆನ್ನು ಎರಡು ತಗೊಂಡು ಹೋಗು, ಒಂದನ್ನ ಯಾರಾದ್ರೂ ಇಸ್ಕೊಂಡು ವಾಪಸ್ ಕೊಡಲ್ಲ."